ಶುಕ್ರವಾರ ಬಂದು ಗುರುವಾರ ಹೋಗುವ ಚಿತ್ರಗಳು

ಡಲ್ಲಾಸ್‌ನ ನಮ್ಮ ಕಚೇರಿಗೆ ಹೊಸದಾಗಿ ಸೇರಿರುವ ಹುಡುಗನೊಬ್ಬನ ಮೇಜಿನ ಮೇಲೆ ಕೆಂಪು ಸ್ಟೇಪ್ಲರ್ ಒಂದಿದೆ. ‘ಆಫೀಸ್ ಸ್ಪೇಸ್’ ಚಿತ್ರದಲ್ಲಿ ಗುಮಾಸ್ತನೊಬ್ಬ ಯಾರಿಗೂ ಬಿಟ್ಟುಕೊಡಲೊಲ್ಲದ ಸ್ಟೇಪ್ಲರ್‌ನ ನೆನಪಿಗೆ ಅವನು ಅದನ್ನು ಇಟ್ಟುಕೊಂಡಿದ್ದಾನೆ. ಚಿತ್ರ ತೆರೆಕಂಡಾಗ ಅವನಿನ್ನೂ ಹುಟ್ಟಿರಲಿಲ್ಲ. ಊಟದ ಹೊತ್ತಿನಲ್ಲಿ ಮಾತು ಆ ಕಡೆ ತಿರುಗಿದಾಗ, ಮೊದಲು ಸೋತು ಆಮೇಲೆ ಜನರ ಪ್ರೀತಿ ಗಳಿಸಿದ ಚಿತ್ರ ನಿಮ್ಮ ಭಾಷೆಯಲ್ಲಿಯೂ ಇದ್ದರೆ ಅದರ ಡಿಸ್ಕ್ ತಂದುಕೊಡಿ, ಸಬ್‌ಟೈಟಲ್ ಇದ್ದರೆ ಸಾಕು, ನೋಡುತ್ತೇನೆ ಎಂದ. ಹೆಸರುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಇನ್ನೊಬ್ಬರ ಕೈಗಿಡಲು ನಾಚಿಕೆಯಾಗದಂಥ ಒಂದು ಡಿಸ್ಕ್ ನನ್ನ ಬಳಿ ಇರಲಿಲ್ಲ. ಈ ಮುಜುಗರವೇ ಈ ಬರಹಕ್ಕೆ ಕಾರಣ.

ಮೈಕ್ ಜಡ್ಜ್ ನಿರ್ದೇಶನದ ಆ ಚಿತ್ರ 1999ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಸುಮಾರು 1 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಸುಮಾರು 1 ಕೋಟಿ 8 ಲಕ್ಷ ಡಾಲರ್. ಟಿಕೆಟ್ ಹಣದಲ್ಲಿ ಚಿತ್ರಮಂದಿರದವರ ಪಾಲು, ಪ್ರಚಾರದ ಖರ್ಚು ಎಲ್ಲವನ್ನೂ ಕಳೆದರೆ ಇದು ಸೋಲೇ. ನಮ್ಮ ಗಾಂಧಿನಗರದಲ್ಲಾಗಿದ್ದರೆ ಚಿತ್ರದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಮೆರಿಕದಲ್ಲಿ ಮುಗಿಯಲಿಲ್ಲ. ಮೊದಲು ಬಾಡಿಗೆ ವಿಡಿಯೊ ಅಂಗಡಿಗಳಲ್ಲಿ, ಬಳಿಕ ಡಿವಿಡಿಯಲ್ಲಿ, 2001ರಿಂದ ಕಾಮಿಡಿ ಸೆಂಟ್ರಲ್ ವಾಹಿನಿಯ ಮರುಪ್ರಸಾರಗಳಲ್ಲಿ ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು. 2003ರ ಹೊತ್ತಿಗೆ ವಿಎಚ್‌ಎಸ್ ವಿಡಿಯೊ ಟೇಪ್ ಮತ್ತು ಡಿವಿಡಿ ಸೇರಿ 25 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಸ್ಟೇಪ್ಲರ್ ತಯಾರಿಸುವ ಸ್ವಿಂಗ್‌ಲೈನ್ ಕಂಪನಿ, ಚಿತ್ರ ಬಂದಾಗ, ಕೆಂಪು ಬಣ್ಣದ್ದನ್ನು ಮಾಡುತ್ತಲೇ ಇರಲಿಲ್ಲ. ತೆರೆಯ ಮೇಲೆ ಕಂಡದ್ದು ಚಿತ್ರೀಕರಣಕ್ಕೆಂದು ಬಣ್ಣ ಬಳಿದದ್ದು. ಕೇಳಿಕೊಂಡು ಬರುವವರು ಹೆಚ್ಚಾದ ಮೇಲೆ, 2002ರಲ್ಲಿ, ಕಂಪನಿಯೇ ಅದನ್ನು ಮಾರತೊಡಗಿತು.

ಚಿತ್ರದ ನಾಯಕನ ಕೆಲಸವಾದರೂ ಏನು? ಇಸವಿ 2000 ಬಂದಾಗ ಬ್ಯಾಂಕುಗಳ ಸಾಫ್ಟ್‌ವೇರ್ ಕೆಟ್ಟು ಕೂರದಂತೆ ಸಾಲು ಸಾಲಾಗಿ ತಿದ್ದುವುದು. ಚಿತ್ರ ಬಂದ ವರ್ಷವೇ ಬೆಂಗಳೂರಿನಲ್ಲಿ ನಮ್ಮ ಹುಡುಗರು ರಾತ್ರಿ ಪಾಳಿಯಲ್ಲಿ ಕುಳಿತು ಮಾಡುತ್ತಿದ್ದುದೂ ಅದನ್ನೇ, ನಾನೂ ಅವರಲ್ಲೊಬ್ಬ. ಆ ಬೇಸರದ ಮೇಲೆ ಅವರು ಚಿತ್ರ ತೆಗೆದರು, ನಾವು ಸೈಟು ಕೊಂಡೆವು.

ಒಂದು ಚಿತ್ರ ಗೆದ್ದಿತೇ ಸೋತಿತೇ ಎಂಬ ತೀರ್ಪಿನ ಮೇಲೆ ಅಲ್ಲಿ ಮೇಲ್ಮನವಿಗೆ ಅವಕಾಶವಿತ್ತು, ಬೆಂಗಳೂರಿನಲ್ಲಿ ಅದು ಇರಲಿಲ್ಲ. ನನ್ನ ತಕರಾರು ಇಷ್ಟೇ. ನಾವು ಗೆಲುವನ್ನು ಎಣಿಸುತ್ತಿದ್ದುದೇ ದಿನಗಳ ಲೆಕ್ಕದಲ್ಲಿ: ಇಷ್ಟು ಕೇಂದ್ರಗಳಲ್ಲಿ 50 ದಿನ, ಮುಖ್ಯ ಚಿತ್ರಮಂದಿರದಲ್ಲಿ 100 ದಿನ, ಆಮೇಲೆ ಕಲಾವಿದರಿಗೆಲ್ಲ ಫಲಕ ಕೊಡುವ ಸಮಾರಂಭ. ಗಳಿಕೆ ಎಷ್ಟೆಂದು ನಿರ್ಮಾಪಕನೂ ಬಾಯಿಬಿಡುತ್ತಿರಲಿಲ್ಲ, ಹಂಚಿಕೆದಾರನೂ ಬಿಡುತ್ತಿರಲಿಲ್ಲ. ಈಗ ದಿನಗಳ ಲೆಕ್ಕ ಹೋಗಿ ಮೊದಲ ವಾರಾಂತ್ಯದ ಲೆಕ್ಕ ಬಂದಿದೆ, ಆತುರ ಮಾತ್ರ ಇನ್ನಷ್ಟು ಹೆಚ್ಚಿದೆ. ಶುಕ್ರವಾರ ಬಂದ ಚಿತ್ರಕ್ಕೆ ಸೋಮವಾರದಿಂದ ಬೆಳಗಿನ ಒಂದೇ ಆಟ ಉಳಿಯುತ್ತದೆ, ಗುರುವಾರಕ್ಕೆ ಎತ್ತಂಗಡಿಯಾಗುತ್ತದೆ. 2014ರಲ್ಲಿ ಬಂದ ‘ಉಳಿದವರು ಕಂಡಂತೆ’ಯನ್ನು ಚಿತ್ರಮಂದಿರದಲ್ಲಿ ನೋಡಿದವರಿಗಿಂತ, ಅದು ಹೋದ ಮೇಲೆ ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ನೋಡಿ ಅಭಿಮಾನಿಗಳಾದವರೇ ನನಗೆ ಹೆಚ್ಚು ಸಿಕ್ಕಿದ್ದಾರೆ. ಹಾಗೆ ನೋಡಿದ್ದರಿಂದ ನಿರ್ಮಾಪಕನಿಗೆ ಬಿಡಿಗಾಸೂ ಸಿಕ್ಕಿರಲಾರದು. ಅಭಿಮಾನ ಲೆಕ್ಕಪುಸ್ತಕಕ್ಕೆ ಸೇರಲು ನಮ್ಮಲ್ಲಿ ದಾರಿಯೇ ಇರಲಿಲ್ಲ.

ಮನೆಯಲ್ಲಿ ನೋಡುವವರಿಗೆಂದು ನಾವು ಕೊಟ್ಟದ್ದು ವಿಸಿಡಿ. ನನ್ನ ಬಳಿ ಇಂದಿಗೂ ಕೆಲವು ಉಳಿದಿವೆ. ಬಣ್ಣ ಮಾಸಿದ ಪ್ರಿಂಟ್‌ನಿಂದ ಇಳಿಸಿಕೊಂಡದ್ದು, ನಾಯಕಿಯ ಹಸಿರು ಸೀರೆ ಕಂದಾಗಿದೆ. ತೆರೆಯ ಕೆಳಗೆ ಡಿಸ್ಕ್ ಕಂಪನಿಯ ಫೋನ್ ನಂಬರ್ ಎಡಕ್ಕೂ ಬಲಕ್ಕೂ ಹರಿದಾಡುತ್ತದೆ. ಮೊದಲನೆಯ ಡಿಸ್ಕ್ ಮುಗಿಯುವುದು ಪಲ್ಲವಿಯಲ್ಲಿ, ಎರಡನೆಯದು ಶುರುವಾಗುವುದು ಚರಣದ ನಡುವೆ. ಸಬ್‌ಟೈಟಲ್ ಕೇಳುವುದೇ ಬೇಡ. ಕಳೆದ ಸಲ ಬೆಂಗಳೂರಿಗೆ ಬಂದಾಗ ಮೆಜೆಸ್ಟಿಕ್ಕಿನ ಅಂಗಡಿಯೊಂದರಲ್ಲಿ ಹಳೆಯ ಚಿತ್ರವೊಂದರ ಒಳ್ಳೆಯ ಡಿವಿಡಿ ಇದೆಯೇ ಎಂದು ಕೇಳಿದೆ. “ಡಿಸ್ಕ್ ಎಲ್ಲ ಈಗ ಯಾರ್ ತಗೋತಾರೆ ಸಾರ್, ಪೆನ್‌ಡ್ರೈವ್ ಕೊಡಿ, ಹಾಕ್ಕೊಡ್ತೀನಿ” ಎಂದು ಮಾಲೀಕರು ಬಹಳ ಪ್ರೀತಿಯಿಂದಲೇ ಹೇಳಿದರು. ಜನ ಹಣ ಕೊಡುವುದಿಲ್ಲ ಎಂದು ನಿರ್ಮಾಪಕರು ಮೊದಲೇ ತೀರ್ಮಾನಿಸಿದ್ದರು; ಆದ್ದರಿಂದ ಹಣ ಕೊಡಬಹುದಾದಂಥ ವಸ್ತುವನ್ನು ಅವರು ಎಂದೂ ಮುಂದಿಡಲಿಲ್ಲ. ಮೊದಲ ಕನ್ನಡ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲದ ನಾಡಿನಲ್ಲಿ ವಿಸಿಡಿಗಾಗಿ ಕೊರಗುವುದು ಅತಿಯಾಯಿತು ಎಂದು ಯಾರಾದರೂ ಅಂದರೆ ಅನ್ನಲಿ.

ಇಷ್ಟೆಲ್ಲ ದೂರಿದ ಮೇಲೆ, ಮನಸ್ಸಿಲ್ಲದಿದ್ದರೂ, ಎರಡು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಒಂದು, ಅಮೆರಿಕದ ಆ ವ್ಯವಸ್ಥೆಯೂ ಈಗ ಹಾಗೆ ಉಳಿದಿಲ್ಲ. ಊರೂರಿನಲ್ಲಿ ವಿಡಿಯೊ ಬಾಡಿಗೆಗೆ ಕೊಡುತ್ತಿದ್ದ ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ಇಂದು ಸೋತ ಚಿತ್ರ ಅಲ್ಲಿಯೂ ಸ್ಟ್ರೀಮಿಂಗ್ ರಾಶಿಯ ಅಡಿಯಲ್ಲಿ ಸದ್ದಿಲ್ಲದೆ ಹೂತುಹೋಗಬಹುದು.

ಎರಡನೆಯದನ್ನು ಒಪ್ಪಿಕೊಳ್ಳುವುದು ಇನ್ನೂ ಕಷ್ಟ, ಏಕೆಂದರೆ ಅದು ‘ಓಂ’. 1995ರಲ್ಲಿ ಬಂದ ಈ ಚಿತ್ರ ಸೋತದ್ದಲ್ಲ, ಗೆದ್ದದ್ದೇ. ಆದರೆ ಡಿವಿಡಿ ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಮರುಬಿಡುಗಡೆ ಮಾಡಿತು. 500ಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾಗಿದೆ ಎಂಬುದು ಗಾಂಧಿನಗರದ ಮಾತು, ಸುಬೇದಾರ್ ಛತ್ರಂ ರಸ್ತೆಯ ಕಪಾಲಿ ಚಿತ್ರಮಂದಿರದಲ್ಲಿ ಅದು ಮತ್ತೆ ಬಂದಾಗಲೆಲ್ಲ ಸಂಭಾಷಣೆಯನ್ನು ಶಿವರಾಜ್‌ಕುಮಾರ್‌ಗಿಂತ ಮೊದಲೇ ಸಭಾಂಗಣ ಹೇಳಿ ಮುಗಿಸುತ್ತಿತ್ತು. ಡಲ್ಲಾಸ್‌ನ ಸೋಫಾದ ಮೇಲೆ ಒಬ್ಬನೇ ಕುಳಿತು ರಿಮೋಟ್ ಒತ್ತುವವನಿಗೆ ಆ ಸುಖ ಎಲ್ಲಿಂದ ಬರಬೇಕು? ಆ ಕಪಾಲಿಯನ್ನೂ ಈಗ ಕೆಡವಿದ್ದಾರೆ. ‘ಓಂ’ ಅಷ್ಟು ಸಲ ಬರಲು ಸಾಧ್ಯವಾದದ್ದು, ಅದರ ನಿರ್ಮಾಪಕರು ಸುಮಾರು 20 ವರ್ಷ, 2015ರವರೆಗೆ, ಟಿವಿ ಹಕ್ಕನ್ನು ಯಾರಿಗೂ ಮಾರದೆ ಕೈಯಲ್ಲೇ ಇಟ್ಟುಕೊಂಡದ್ದರಿಂದ. ಹಾಗೆ ಕಾಯಲು ರಾಜ್‌ಕುಮಾರ್ ಮನೆತನಕ್ಕೆ ಶಕ್ತಿಯಿತ್ತು. ಸಾಲ ಮಾಡಿ ಮೊದಲ ಚಿತ್ರ ತೆಗೆದವನು ಬಡ್ಡಿ ಕಟ್ಟುವುದಕ್ಕಾಗಿಯೇ ಬಂದ ಬೆಲೆಗೆ ಹಕ್ಕುಗಳನ್ನೆಲ್ಲ ಮಾರಿಬಿಡುತ್ತಾನೆ, ಆಮೇಲೆ ಅಭಿಮಾನಿಗಳು ಹುಟ್ಟಿಕೊಂಡರೂ ಅವನಿಗೆ ಅದರಿಂದ ಏನೂ ದಕ್ಕುವುದಿಲ್ಲ.