ದೊಡ್ಡಮ್ಮನ ಹೆಬ್ಬೆಟ್ಟು

ನಮ್ಮ ದೊಡ್ಡಮ್ಮ ಹೆಬ್ಬೆಟ್ಟು ಒತ್ತೋರಲ್ಲ. ಮೂವತ್ತು ವರ್ಷ ಟೀಚರ್ ಆಗಿದ್ದವರು. ಬ್ಯಾಂಕಿನ ಚೆಕ್ಕಿರಲಿ, ಮುಯ್ಯಿ ಕವರಿರಲಿ, ಕನ್ನಡದಲ್ಲಿ ಪೂರ್ತಿ ಹೆಸರು ಬರೆದು, ಕೆಳಗೊಂದು ಗೆರೆ ಎಳೆದು, ಗೆರೆಯ ತುದಿಗೆ ಎರಡು ಚುಕ್ಕಿ ಇಡೋರು. ಅವರು ತೀರಿಕೊಳ್ಳೋ ಒಂಬತ್ತು ದಿನ ಮುಂಚೆ ಆಸ್ಪತ್ರೆಯಲ್ಲೇ ಮಾಡಿಸಿದ್ದು ಅಂತ ಈಗ ಹೊರಗೆ ಬಂದಿರೋ ಉಯಿಲಿನಲ್ಲಿ ಇರೋದು ಎಡಗೈ ಹೆಬ್ಬೆಟ್ಟು. ಡ್ರಿಪ್ ಹಾಕಿದ್ದೂ ಅದೇ ಕೈಗೆ.

ಆರು ವರ್ಷದ ಹಿಂದೆ ರಿಜಿಸ್ಟರ್ ಮಾಡಿಸಿದ್ದ ಉಯಿಲಿನಲ್ಲಿ ತ್ಯಾಗರಾಜನಗರದ ಮನೆ ಮಗ, ಮಗಳು ಇಬ್ಬರಿಗೂ ಸಮ ಅಂತಿತ್ತು. ಹೊಸದರಲ್ಲಿ ಅಕ್ಕನ ಹೆಸರೇ ಇಲ್ಲ. ವಕೀಲರನ್ನ ಕರೆಸಿದ್ದು ಅಣ್ಣ. ಸಾಕ್ಷಿ ಹಾಕಿದ ಇಬ್ಬರೂ ಅವನ ಸ್ನೇಹಿತರು.

ವೈಕುಂಠ ಸಮಾರಾಧನೆ ದಿನ, ಎಲೆ ಎತ್ತೋ ಮೊದಲೇ ಹಿರಿಯರೊಬ್ಬರು ಅಕ್ಕನಿಗೆ ಹೇಳಿದರು, "ಹೋದವರ ಮಾತು ಮೀರಬಾರದಮ್ಮ." ಅದು ಹೋದವರ ಮಾತೇ ಹೌದಾ ಅಂತ ಕೇಳೋದು ಮೀರಿದ ಹಾಗೆ ಹೇಗಾಗುತ್ತೆ? ನನಗೆ ಸಂಕಟವಾಗಿದ್ದು ಆಸ್ತಿಗಲ್ಲ, ಈ ಮಾತಿಗೆ.

ಕೊನೆಗಾಲದಲ್ಲಿ ಮನಸ್ಸು ಬದಲಾಯಿಸೋ ಹಕ್ಕು ಯಾರಿಗಾದರೂ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 62ನೇ ಸೆಕ್ಷನ್ ಅದನ್ನೇ ಹೇಳುತ್ತೆ. ಹಳೇದು ರಿಜಿಸ್ಟರ್ ಆಗಿದೆ, ಅದೇ ನಿಲ್ಲುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಸರಿಯಾಗಿ ಮಾಡಿದ್ದರೆ ರಿಜಿಸ್ಟರ್ ಆಗದ ಹೊಸ ಉಯಿಲೂ ಹಳೇದನ್ನ ರದ್ದು ಮಾಡುತ್ತೆ. ಹೆಬ್ಬೆಟ್ಟನ್ನೂ ಕಾನೂನು ಒಪ್ಪುತ್ತೆ. ಆದರೆ ಬರೆಸುವಾಗ ಬುದ್ಧಿ ಸ್ವಾಧೀನದಲ್ಲಿರಬೇಕು. ಮೋಸ, ಬಲವಂತ, ಬಿಡದೆ ಪೀಡಿಸಿ ಮಾಡಿಸಿದ್ದು 61ನೇ ಸೆಕ್ಷನ್ ಪ್ರಕಾರ ಊರ್ಜಿತವಲ್ಲ.

ನಮ್ಮ ಮೈಸೂರು ಸೀಮೆಯದೇ ಒಂದು ಮೊಕದ್ದಮೆ ಇದೆ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರದು. 1958ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪನ್ನ ವಕೀಲರು ಇವತ್ತಿಗೂ ಓದಿ ಹೇಳ್ತಾರೆ. ಲಾಭ ಪಡೆಯೋನೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅದೇ ಅನುಮಾನಕ್ಕೆ ಕಾರಣ, ಆ ಅನುಮಾನ ನಿವಾರಿಸೋ ಹೊಣೆ ಉಯಿಲು ಮುಂದಿಟ್ಟವನದೇ. ಬಲವಂತ ಮಾಡಿದ್ರು ಅಂತ ನಾವು ಆರೋಪ ಮಾಡಿದರೆ ಮಾತ್ರ ಅದನ್ನ ನಾವೇ ಸಾಬೀತು ಮಾಡಬೇಕು. ಅದು ಸುಲಭವಲ್ಲ.

ಇಂಥ ಕಷ್ಟದಲ್ಲಿರೋರಿಗೆ ಕೈಮುಗಿದು ಹೇಳ್ತೀನಿ, ಮೊದಲು ಆಸ್ಪತ್ರೆಯ ಕೇಸ್ ಶೀಟ್ ಕೇಳಿ. ಡಿಸ್ಚಾರ್ಜ್ ಸಮ್ಮರಿ ಸಾಲದು, ನರ್ಸ್‌ಗಳು ಹೊತ್ತುಹೊತ್ತಿಗೆ ಬರೆದಿಟ್ಟ ಪುಟಗಳೂ ಬೇಕು. ವೈದ್ಯರ ನಡವಳಿಕೆಯ 2002ರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನ 3 ವರ್ಷ ಇಡಬೇಕು, ರೋಗಿ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ತಡಮಾಡಬೇಡಿ. ಖಾತೆ ಬದಲಾವಣೆಗೆ ತಕರಾರು ಅರ್ಜಿಯನ್ನೂ ಕೊಡಿ.

ಅಕ್ಕನಿಗೆ ಮೊನ್ನೆ ಆ ಪುಟಗಳು ಸಿಕ್ಕವು. ಉಯಿಲಿನ ತಾರೀಖಿನ ದಿನ ನರ್ಸ್ ಬರೆದಿದ್ದಾರೆ: ಬೆಳಗ್ಗೆಯಿಂದ ಮಂಪರು, ಕರೆದರೆ ಕಣ್ಣು ಬಿಡುತ್ತಾರೆ, ಮಗಳ ಗುರುತು ಸಿಗಲಿಲ್ಲ. ಅಕ್ಕ ಅದನ್ನ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಸೋಮವಾರ ಸಿವಿಲ್ ಕೋರ್ಟಿಗೆ ಹೋಗ್ತಿದ್ದಾಳೆ. ನಾನೂ ಜೊತೆಗೆ ಹೋಗ್ತೀನಿ.