ಸೀನು ಬಂದರೆ ಕಂಬ ಹಿಡಿಯುತ್ತಿದ್ದ ದೊಡ್ಡಮ್ಮ

ಸೀನು ಬಂದರೆ ನಮ್ಮ ದೊಡ್ಡಮ್ಮ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಪಡಸಾಲೆಯ ಕಂಬ ಹಿಡಿದು, ಎರಡೂ ಕಾಲು ಬಿಗಿಯಾಗಿ ಜೋಡಿಸಿ ನಿಲ್ಲುತ್ತಿದ್ದರು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಯಾಕೆ ಅಂತ ನನಗೆ ಗೊತ್ತಾಗಿದ್ದು ನನ್ನ ಎರಡನೇ ಹೆರಿಗೆ ಆದ ಮೇಲೆ.

ದೊಡ್ಡಮ್ಮನಿಗೆ ನಾಲ್ಕು ಹೆರಿಗೆ. ಗರ್ಭಕೋಶ ಜಾರಿತ್ತು, ಉಚ್ಚೆ ತಡೆಯೋಕೆ ಆಗ್ತಿರಲಿಲ್ಲ. ಲೇಡಿ ಡಾಕ್ಟರು ನೋಡಿ "ಗರ್ಭಕೋಶ ತೆಗೆಸಿಬಿಡಿ" ಅಂದರು. ತೆಗೆಸಿದ್ದಾಯ್ತು, ಸೋರುವುದು ನಿಲ್ಲಲಿಲ್ಲ. ಮೂತ್ರದ ತೊಂದರೆ ನೋಡುವ ಯೂರಾಲಜಿಸ್ಟ್ ಹತ್ತಿರ ಹೋದರೆ "ಇದು ಹೆಂಗಸರ ಡಾಕ್ಟರು ನೋಡಬೇಕಾದ್ದು" ಅಂತ ವಾಪಸ್ ಕಳಿಸಿದರು.

ಹೀಗೆ ಇಬ್ಬರ ನಡುವೆ ಬಿದ್ದುಹೋಗುವ ಹೆಂಗಸರಿಗಾಗಿಯೇ ಇರುವುದು ಯೂರೋಗೈನಕಾಲಜಿ, ಅಂದರೆ ಗರ್ಭಕೋಶ ಜಾರುವುದು, ಉಚ್ಚೆ ಸೋರುವುದು ಎರಡನ್ನೂ ಒಟ್ಟಿಗೆ ನೋಡುವ ವೈದ್ಯ ವಿಭಾಗ. ಅಮೆರಿಕದಲ್ಲೂ ಇದಕ್ಕೆ ಪ್ರತ್ಯೇಕ ಬೋರ್ಡ್ ಪರೀಕ್ಷೆ (ತಜ್ಞರು ಅಂತ ಮಾನ್ಯತೆ ಕೊಡುವ ಪರೀಕ್ಷೆ) ಶುರುವಾಗಿದ್ದು 2013ರಲ್ಲಷ್ಟೆ. ಅಲ್ಲಿ ಸ್ತ್ರೀರೋಗ ಓದಿ ಮುಗಿಸಿದವರು ಮತ್ತೆ 3 ವರ್ಷ ಇದನ್ನೇ ಕಲಿಯುತ್ತಾರೆ. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಹೆರಿಗೆ, ಸ್ತ್ರೀರೋಗದ ಎಂಎಸ್‌ಗೇ 3 ವರ್ಷ. ಅದರಲ್ಲಿ ಹಗಲು ರಾತ್ರಿ ಹೆರಿಗೆ ವಾರ್ಡು, ಸಿಸೇರಿಯನ್. ಪಾಪ, ಆ ಹುಡುಗಿಯರು ಇನ್ನೇನು ಕಲಿತಾರು? ಹಾಗಂತ ನಮ್ಮವರ ಕೈ ಕಮ್ಮಿಯೇನಲ್ಲ. ಗರ್ಭಕೋಶ ತೆಗೆಯದೆ ಮೇಲೆತ್ತಿ ಕಟ್ಟುವ ಆಪರೇಷನ್‌ಗಳಿಗೆ ಮುಂಬೈನ ಡಾಕ್ಟರುಗಳಾದ ಶಿರೋಡ್ಕರ್, ಪುರಂದರೆ ಅವರ ಹೆಸರೇ ಇದೆ.

ಕೊನೆಗೆ ಇದನ್ನೇ ಕಲಿತು ಬಂದ ಒಬ್ಬ ಡಾಕ್ಟರು ಸಿಕ್ಕರು. ಮೊದಲು ಕೇಳಿದ್ದು, "ಕೆಮ್ಮಿದಾಗ ಹೋಗುತ್ತಾ ಅಮ್ಮ, ಇಲ್ಲಾ ಅವಸರ ಆಗಿ ಬಾತ್‌ರೂಮ್ ಬಾಗಿಲಲ್ಲೇ ಹೋಗುತ್ತಾ?" ಎರಡೂ ಬೇರೆ ತೊಂದರೆ, ಮದ್ದೂ ಬೇರೆ. ದೊಡ್ಡಮ್ಮನಿಗೆ ಎರಡೂ ಇತ್ತು. ಮೂರು ದಿನ ಕುಡಿದದ್ದು, ಹೋದದ್ದು ಎಲ್ಲ ಅಳೆದು ಬರೆಯೋಕೆ ಹೇಳಿದರು. ಮೊಮ್ಮಗನ ಕಾಪಿ ಪುಸ್ತಕದಲ್ಲಿ ದೊಡ್ಡಮ್ಮನ ಲೆಕ್ಕ: ಕಾಫಿ, ಕಾಫಿ, ಅರ್ಧ ಲೋಟ ಮಜ್ಜಿಗೆ, ಮತ್ತೆ ಕಾಫಿ. ದಿನಕ್ಕೆ ಏಳು! ಉಚ್ಚೆ ತಡೆಯುವ ಸ್ನಾಯು ಬಿಗಿ ಮಾಡುವ ಕೆಗೆಲ್ ವ್ಯಾಯಾಮವನ್ನೂ ಅಷ್ಟು ದಿನ ತಪ್ಪಾಗಿ ಮಾಡುತ್ತಿದ್ದರು. ಹೊಟ್ಟೆ ಬಿಗಿ ಹಿಡಿದು ಉಸಿರು ಕಟ್ಟುತ್ತಿದ್ದರು. ಬಿಗಿ ಮಾಡಬೇಕಾದ ಸ್ನಾಯು ಯಾವುದು ಅಂತ ಪರೀಕ್ಷೆ ಮಾಡಿ ತೋರಿಸಿಕೊಟ್ಟವರು ಈ ಡಾಕ್ಟರೇ. ಆರು ತಿಂಗಳಲ್ಲಿ ದೊಡ್ಡಮ್ಮ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದರು.

ನನ್ನ ಪ್ರಕಾರ ಅಮೆರಿಕದಂಥ ದೊಡ್ಡ ಕೋರ್ಸು ಆಮೇಲೆ ನೋಡೋಣ. ಎಂಎಸ್ ಓದುವ ಪ್ರತಿಯೊಬ್ಬರೂ ಒಂದೆರಡು ತಿಂಗಳು ಇಂಥ ಕ್ಲಿನಿಕ್ಕಿನಲ್ಲಿ ಕೂತು, ಈ ಪ್ರಶ್ನೆ ನಾಚಿಕೆಯಿಲ್ಲದೆ ಕೇಳೋದನ್ನು ಕಲಿಯಲಿ. ಜಿಲ್ಲಾಸ್ಪತ್ರೆಗೆ ಒಬ್ಬರಾದರೂ ಪೂರ್ತಿ ತರಬೇತಿ ಪಡೆದವರು ಬರಲಿ, ಜೊತೆಗೆ ಒಬ್ಬ ಫಿಸಿಯೋಥೆರಪಿಸ್ಟ್.

ನನ್ನ ಎರಡನೇ ಹೆರಿಗೆಯ ಡಿಸ್ಚಾರ್ಜ್ ಚೀಟಿ ನಿನ್ನೆ ಹುಡುಕಿ ತೆಗೆದೆ. ಮಗುವಿನ ಲಸಿಕೆ, ಕಬ್ಬಿಣದ ಮಾತ್ರೆ, ಹೊಲಿಗೆ ಒಣಗಿಸಿಕೊಳ್ಳುವುದು, ಎಲ್ಲ ಇದೆ. ಇದರ ಬಗ್ಗೆ ಒಂದು ಸಾಲೂ ಇಲ್ಲ.