ಸತ್ಯಾಂಶ: ಪವರ್ ಸ್ಟೀರಿಂಗ್‌ಗೆ ಬ್ರೇಕ್ ಆಯಿಲ್ ಸುರಿಯಬಹುದೇ?

ಸ್ಟೀರಿಂಗ್ ಬಿಗಿಯಾದರೆ ಬ್ರೇಕ್ ಆಯಿಲ್ ಸಾಕು ಎಂಬ ಸಂದೇಶ ಕಾಸರಗೋಡಿನ ಕಡೆ ಹಳೆಯ ಕಾರು ಸಾಕುವವರ ಮೊಬೈಲ್‌ಗಳಲ್ಲಿ ಸುತ್ತುತ್ತಲೇ ಇದೆ. ಅದು ತಪ್ಪು. ಬ್ರೇಕ್ ಆಯಿಲ್ ಎಂದು ಕರೆಯುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವ ಗ್ಲೈಕಾಲ್ ಎಂಬ ರಾಸಾಯನಿಕ ಮೂಲದ್ದು. ಹಳೆಯ ಸ್ಟೀರಿಂಗ್ ಪಂಪಿಗೆ ಬೇಕಾದದ್ದು ಸಾಮಾನ್ಯವಾಗಿ ಖನಿಜ ತೈಲ. ಗ್ಲೈಕಾಲ್ ತಗಲಿದರೆ ಅಲ್ಲಿನ ರಬ್ಬರ್ ಸೀಲುಗಳು ಕೆಟ್ಟು ಸೋರತೊಡಗುತ್ತವೆ.

ನೀವೇ ಪರೀಕ್ಷಿಸಿ. ಎರಡು ಗಾಜಿನ ಲೋಟಗಳ ನೀರಿನಲ್ಲಿ ಒಂದಕ್ಕೆ ಬ್ರೇಕ್ ದ್ರವದ, ಇನ್ನೊಂದಕ್ಕೆ ಸ್ಟೀರಿಂಗ್ ತೈಲದ ಹನಿ ಬಿಡಿ. ಬ್ರೇಕ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ, ತೈಲ ಪೊರೆಯಾಗಿ ತೇಲುತ್ತದೆ. ಯಾವ ತೈಲವೆಂದು ಕಾರಿನ ಕೈಪಿಡಿ ಹೇಳುತ್ತದೆ. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ತೈಲದ ಟ್ಯಾಂಕಿನ ಮುಚ್ಚಳದ ಮೇಲೂ ಬರೆದಿರುತ್ತದೆ.

ಮಳೆಯಲ್ಲಿ ಬದಿಯಡ್ಕದ ತಿರುವಿನಲ್ಲಿ ಸ್ಟೀರಿಂಗ್ ಭಾರವಾದರೆ ಕೈಗೆ ಸಿಕ್ಕಿದ್ದನ್ನು ಸುರಿಯುವ ಆತುರ ಸಹಜ. ಮೊದಲು ಪಂಪಿನ ಬೆಲ್ಟ್, ಟೈರಿನ ಗಾಳಿ ನೋಡಿ. ಈಗಾಗಲೇ ಸುರಿದಿದ್ದರೆ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್‌ನಿಂದ ಪೂರ್ತಿ ಬಸಿದು ತೊಳೆಸಿ.